ಗಾಂಧಿ ಬಜಾರಿನ ಹತ್ತಿ, ಬಿದಿರಿನ ನೂಲು: ಮಲೆನಾಡಿನ ಮಳೆಗೆ ಯಾವುದು ಸರಿ

ಶಿವಮೊಗ್ಗದಲ್ಲಿ ಹೆಣಿಗೆಯ ನೂಲು ಕೇಳಿದರೆ ನನ್ನ ಮುಂದೆ ಬಂದು ಬೀಳುವುದು ಬಹುಪಾಲು ಅಕ್ರಿಲಿಕ್ ಉಂಡೆ. ಹಾಗಾಗಿ ಗಾಂಧಿ ಬಜಾರಿನ ಒಳಗಿನ ಈ ಸಣ್ಣ ಅಂಗಡಿಯ ಬಗ್ಗೆ ನನಗೆ ವಿಶೇಷ ಅಭಿಮಾನ. ಅಲ್ಲಿ ಒಂದು ಇಡೀ ಕಪಾಟು ಸಸ್ಯಜನ್ಯ ನೂಲಿಗೇ ಮೀಸಲು: ಸಾದಾ ಹತ್ತಿ, ಮರ್ಸರೈಸ್ಡ್ ಹತ್ತಿ, ಹತ್ತಿ ಬೆರೆಸಿದ ಬಿದಿರು. ಅಂಗಡಿಯವರು ಹೊದಿಕೆ ಬಿಚ್ಚಿ ಎಳೆಯನ್ನು ಕೈಗೆ ಕೊಡುತ್ತಾರೆ. ಸಂಶಯವಿದ್ದರೆ ತುದಿ ಕತ್ತರಿಸಿ, ಬಾಗಿಲ ಹೊರಗೆ ನಿಂತು ಬೆಂಕಿಕಡ್ಡಿ ಗೀರುತ್ತಾರೆ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ, ಮೆತ್ತನೆಯ ಬೂದಿ. ಅಕ್ರಿಲಿಕ್ ಆದರೆ ಕರಗಿ, ಗಟ್ಟಿಯಾದ ಕಪ್ಪು ಮಣಿ.

ಮೂರರಲ್ಲಿ ನನ್ನ ಮನಸ್ಸು ಗೆದ್ದದ್ದು ಮರ್ಸರೈಸ್ಡ್ ಹತ್ತಿ. ನೂಲಿಗೆ ಕಾಸ್ಟಿಕ್ ಸೋಡಾ ಉಣಿಸುವ ಈ ವಿಧಾನಕ್ಕೆ ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದ. ಸೋಡಾ ಉಣಿಸುವಾಗ ನೂಲನ್ನು ಕುಗ್ಗದಂತೆ ಎಳೆದು ಹಿಡಿಯಬೇಕೆಂಬ ಉಪಾಯ ಹೊರೇಸ್ ಲೋ 1890ರಲ್ಲಿ ಸೇರಿಸಿದ್ದು. ಹೊಳಪು ಬಂದದ್ದು ಅದರಿಂದಲೇ. 3 ಮಿಲಿಮೀಟರಿನ ಕೊಕ್ಕೆಯಲ್ಲಿ ಬಾಗಿಲ ತೋರಣ ಹೆಣೆದೆ. ಎಳೆ ಸೀಳಲಿಲ್ಲ, ಒಂದೊಂದು ಹೂವಿನ ಎಸಳೂ ಬಿಡಿಬಿಡಿಯಾಗಿ ಕಾಣುತ್ತದೆ. ಹತ್ತಿಗೆ ಒದ್ದೆಯಾದಾಗ ಬಲ ಹೆಚ್ಚು. ತೀರ್ಥಹಳ್ಳಿಯ ಕಡೆ ಆಷಾಢದಲ್ಲಿ ಒಗೆದದ್ದು ಬಚ್ಚಲೊಲೆಯ ಮೇಲೆಯೇ ಒಣಗಬೇಕು. ಅಷ್ಟು ಹೊತ್ತು ಹಸಿಯಾಗಿ ನೇತಾಡಿದರೂ ಈ ತೋರಣದ ಆಕಾರ ಕೆಡಲಿಲ್ಲ.

ಬಿದಿರಿನದು ಬೇರೆ ಕಥೆ. ಮುಟ್ಟಿದರೆ ರೇಷ್ಮೆಯಷ್ಟು ನುಣುಪು, ತಂಪು, ಹೆಗಲ ಮೇಲೆ ಇಳಿಬಿದ್ದು ನಿಲ್ಲುವ ಚೆಂದವೂ ಇದೆ. ಆದರೆ ಚೀಟಿಯಲ್ಲಿ ಹಸಿರು ಎಲೆಯ ಚಿತ್ರ ಬಿಟ್ಟು ಬೇರೇನೂ ಇಲ್ಲ. ಅದು ವಿಸ್ಕೋಸ್. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಬಳಸಿ ದ್ರವವಾಗಿಸಿ, ಮತ್ತೆ ಎಳೆಯಾಗಿ ಹೊರತೆಗೆದದ್ದು. ಕೊಳ್ಳುವವರಿಗೆ ಇದು ತಿಳಿದಿರಬೇಕೆಂದು ನನ್ನ ಗಟ್ಟಿ ಅಭಿಪ್ರಾಯ. ವಿಸ್ಕೋಸ್ ನೆನೆದರೆ ಬಲ ಕಳೆದುಕೊಳ್ಳುತ್ತದೆ. ನಾನು ಹೆಣೆದ ಶಾಲು ಮೊದಲ ಒಗೆತಕ್ಕೇ ಉದ್ದವಾಗಿ ಜೋತುಬಿತ್ತು. ಶಿವಮೊಗ್ಗದ ಮಾರ್ಚ್ ಬಿಸಿಲಿಗೆ ಇದು ಸೊಗಸು. ಚಪ್ಪಟೆಯಾಗಿ ಹಾಸಿ ಒಣಗಿಸಿದರೆ ಬಾಳಿಕೆಯೂ ಬರುತ್ತದೆ. ಜುಲೈಗೆ ಬೇಡವೇ ಬೇಡ.

ಸಾದಾ ಹತ್ತಿಯ ಹುರಿ ಸಡಿಲ. ಚೂಪು ತುದಿಯ ಕೊಕ್ಕೆ ಎಳೆಗಳ ನಡುವೆ ನುಗ್ಗುತ್ತದೆ, ಮೊಂಡು ತುದಿಯದನ್ನೇ ಬಳಸಿ. ಎಳೆಗೂಸಿನ ಕುಲಾವಿಗೆ ಮಾತ್ರ ಇದಕ್ಕಿಂತ ಹಿತವಾದದ್ದು ನನಗೆ ಸಿಕ್ಕಿಲ್ಲ. ಬೆವರು ಹೀರುತ್ತದೆ, ಚುಚ್ಚುವುದಿಲ್ಲ. ಉಣ್ಣೆಯ ಹಾಗೆ ಹಿಗ್ಗಿ ಮತ್ತೆ ಕುಗ್ಗುವ ಗುಣ ಹತ್ತಿಗಿಲ್ಲ, ಆದ್ದರಿಂದ ಅಂಚನ್ನು ಒಂದು ಅಳತೆ ಸಣ್ಣ ಕಡ್ಡಿಯಲ್ಲಿ ಹೆಣೆಯಬೇಕು.

ಅದಕ್ಕಿಂತ ದೊಡ್ಡ ಖುಷಿ ಬಣ್ಣದ್ದು. ಬಣ್ಣ ಹಾಕದ ಬಿಳಿ ಲಡಿಯನ್ನು ಮನೆಯಲ್ಲಿ ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿದೆ. ಚೊಗರಿನ ತುಂಬ ಟ್ಯಾನಿನ್ ಎಂಬ ಒಗರು ಅಂಶ. ಹತ್ತಿ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಮೊದಲು ಕೆಂಪುಮಿಶ್ರಿತ ಕಂದು ಬಂತು. ತುಕ್ಕುಹಿಡಿದ ಮೊಳೆ ನೆನೆಸಿದ ನೀರಿಗೆ ಅರ್ಧ ಲಡಿಯನ್ನು ಹಾಕಿದಾಗ ಅದು ಕಣ್ಣೆದುರೇ ಬೂದುಗಪ್ಪಾಯಿತು. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ‘ಚರಕ’ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಬಳಸುವುದನ್ನು ನೋಡಿದವರಿಗೆ ಈ ಕಂದು ಪರಿಚಿತ. ಮರ್ಸರೈಸ್ಡ್ ಹತ್ತಿಯಲ್ಲಿ ಅದೇ ಬಣ್ಣ ಇನ್ನೂ ಗಾಢ.

ಅಂಗಡಿಯ ಕೊರತೆಗಳನ್ನೂ ಹೇಳಬೇಕು. ಬೇರೆ ಬೇರೆ ಸಲ ಬಣ್ಣ ಹಾಕಿದ ಉಂಡೆಗಳನ್ನು ಒಂದೇ ಡಬ್ಬಿಯಲ್ಲಿ ಬೆರೆಸಿಡುತ್ತಾರೆ. ಒಳಗಿನ ದೀಪದ ಬೆಳಕಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಚೀಟಿಯ ಮೇಲಿನ ಲಾಟ್ ಸಂಖ್ಯೆ ಹೋಲಿಸಿಯೇ ಕೊಳ್ಳಿ. ಅಗಸೆ ನಾರಿನ ಲಿನನ್ ಇಲ್ಲ. ಅಡಿಕೆ ತೋಟದ ನಡುವೆ ಇಷ್ಟೊಂದು ಬಾಳೆ ಬೆಳೆಯುವ ಊರಿನಲ್ಲಿ ಬಾಳೆನಾರಿನ ನೂಲೂ ಇಲ್ಲ ಎಂಬುದು ನನಗೆ ನಿಜಕ್ಕೂ ಬೇಸರ. ಪ್ರತಿ ಸಲವೂ ಕೇಳುತ್ತೇನೆ, ನೀವೂ ಕೇಳಿ. ಬಿಳಿ ಲಡಿ ಬೇಗ ಖಾಲಿಯಾಗುತ್ತದೆ. ಚೊಗರಿನಲ್ಲಿ ಅದ್ದುವ ಮನಸ್ಸಿದ್ದರೆ ಅಡಿಕೆ ಕೊಯ್ಲು ಶುರುವಾಗುವ ಮೊದಲೇ ಹೇಳಿ ತರಿಸಿಟ್ಟುಕೊಳ್ಳಿ.