ದೋಸೆಗೆ ಸೂಪರ್, ಮನೇಲಿ ಹಕ್ಕಿ ಇದ್ರೆ ಮಾತ್ರ ಬೇಡ

ದೋಸೆ ವಿಷ್ಯದಲ್ಲಿ ಈ ನಾನ್‌ಸ್ಟಿಕ್ ತವಾಗೆ ಹೆಸರಿಡೋ ಹಾಗಿಲ್ಲ, ಒಂದು ಹನಿ ಎಣ್ಣೆ ಸಾಕು, ತಾನಾಗೇ ಎದ್ದು ಬರುತ್ತೆ. ಆದ್ರೂ ಎರಡೇ ಸ್ಟಾರ್.

ಹೋದ ಭಾನುವಾರ ತವಾ ಕಾಯೋಕಿಟ್ಟೆ, ಅಷ್ಟ್ರಲ್ಲಿ ಫೋನ್ ಬಂತು, ಬಾಲ್ಕನಿಲಿ ಮಾತಾಡ್ತಾ ನಿಂತ್ಬಿಟ್ಟೆ, ವಾಪಸ್ ಬಂದ್ರೆ ತವಾ ಸಣ್ಣಗೆ ಹೊಗೆ ಆಡ್ತಿತ್ತು, ಅಡುಗೆಮನೆ ಬಾಗಿಲ ಪಕ್ಕದ ಪಂಜರದಲ್ಲಿ ನಮ್ಮ ಕ್ಯಾನರಿ ಬಾಯಿ ತೆರ್ಕೊಂಡು, ಉಸಿರಿಗೊಂದು ಸಲ ಬಾಲ ಅಲ್ಲಾಡಿಸ್ತಾ ಕೂತಿತ್ತು. ಅರ್ಧ ಗಂಟೆಲಿ ಹೋಯ್ತು. ಬೆಳಿಗ್ಗೆ ಆರಕ್ಕೆ ಹಾಡಿದ್ದ ಹಕ್ಕಿ ಕಣ್ರೀ! ದೃಷ್ಟಿ ಆಗಿರ್ಬೇಕು ಅಂದ್ರು ಅಮ್ಮ, ನನಗೆ ಕಾಳಿನ ಮೇಲೆ ಅನುಮಾನ.

ಡಾಕ್ಟರ್ ಪೋಸ್ಟ್‌ಮಾರ್ಟಂ ಮಾಡಿದ್ರೆ ಶ್ವಾಸಕೋಶದ ತುಂಬ ರಕ್ತ. ಮೊದಲು ಕೇಳಿದ್ದೇ 'ಮನೇಲಿ ನಾನ್‌ಸ್ಟಿಕ್ ಇದ್ಯಾ' ಅಂತ. ಈ ಕೋಟಿಂಗ್ ಪಿಟಿಎಫ್‌ಇ (ಟೆಫ್ಲಾನ್ ಅಂತಾರಲ್ಲ, ಅದೇ), ಸುಮಾರು 260 ಡಿಗ್ರಿ ದಾಟಿದ್ರೆ ಕೆಡೋಕೆ ಶುರುವಾಗಿ ವಿಷಗಾಳಿ ಬಿಡುತ್ತೆ, ಖಾಲಿ ತವಾ ಜೋರು ಉರೀಲಿ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತಂತೆ. ನಮಗೆ ಮೂಗಿಗೂ ಸರಿಯಾಗಿ ಗೊತ್ತಾಗಲ್ಲ, ಆದ್ರೆ ಹಕ್ಕಿಗೆ ಗಾಳಿಚೀಲಗಳಿರೋದ್ರಿಂದ ಉಸಿರು ಎಳೆದಾಗ್ಲೂ ಬಿಟ್ಟಾಗ್ಲೂ ಶ್ವಾಸಕೋಶಕ್ಕೆ ಹೊಸ ಗಾಳಿ ಹೋಗ್ತಾನೇ ಇರುತ್ತೆ, ವಿಷಾನೂ ಅಷ್ಟೇ ಬೇಗ. ಬ್ರಿಟನ್ ಕಲ್ಲಿದ್ದಲು ಗಣಿಗಳಲ್ಲಿ ವಿಷಗಾಳಿ ಪತ್ತೆಗೆ 1986ರವರೆಗೂ ಕ್ಯಾನರಿ ಇಟ್ಕೊಂಡಿದ್ದು ಇದಕ್ಕೇ.

ಖಾಲಿ ತವಾ ಜೋರಾಗಿ ಕಾಯಿಸಿದ್ದು ನನ್ನದೇ ತಪ್ಪು, ಒಪ್ತೀನಿ. ಆದ್ರೆ ಡಬ್ಬದ ಮೇಲೆ 'ಸ್ಟೀಲ್ ಸೌಟು ಬಳಸಬೇಡಿ' ಅಂತ ದಪ್ಪಕ್ಷರದಲ್ಲಿ ಹಾಕೋರು, ಹಕ್ಕಿ ಬಗ್ಗೆ ಒಂದು ಸಾಲು ಹಾಕಿದ್ರೆ ಗಂಟೇನು ಹೋಗ್ತಿತ್ತು? ಈಗ ಅಟ್ಟದಿಂದ ಅಜ್ಜಿ ಕಾಲದ ಕಬ್ಬಿಣದ ಕಾವಲಿ ಇಳಿಸಿ ಈರುಳ್ಳಿ ಉಜ್ತಾ ಇದೀನಿ.