ಕಾಡುಸಸಿ ನರ್ಸರಿ: ಹೊನ್ನೆ ಚೆನ್ನಾಗಿದೆ, ಹೆಬ್ಬಲಸು ನೋಡಿ ತನ್ನಿ

ಅಕೇಶಿಯಾ ಕಡಿಸಿದ ಜಾಗದಲ್ಲಿ ನಮ್ಮ ಕಾಡಿನ ಮರಗಳನ್ನೇ ಹಾಕೋಣ ಅಂತ ಸಾಗರದ ಕಡೆಯ ಒಂದು ನರ್ಸರಿಯಿಂದ ಕಳೆದ ಜೂನ್‌ನಲ್ಲಿ 60 ಸಸಿ ತಂದಿದ್ದೆ. ಹೊನ್ನೆ, ಮತ್ತಿ ಸೂಪರ್. ಬೇಸಿಗೆಯನ್ನೂ ನೀರಿಲ್ಲದೆ ದಾಟಿವೆ. ಬೇಜಾರಾಗಿದ್ದು ಹೆಬ್ಬಲಸಿನಲ್ಲಿ: ಕವರ್ ಹರಿದು ನೋಡಿದರೆ ತಾಯಿಬೇರು ತಳದಲ್ಲಿ ಚಕ್ಕುಲಿ ಹಾಗೆ ಸುತ್ತಿಕೊಂಡಿತ್ತು, ಅಂದರೆ ಹಳೇ ಸಸಿ, ಅದೇ ಕವರ್‌ನಲ್ಲಿ ಸುಮ್ನೆ ಕೂತಿದ್ದು, ಹತ್ತರಲ್ಲಿ ಆರು ಒಣಗಿಯೇ ಹೋದವು. ಇನ್ನು ಮುರುಗಲಲ್ಲಿ (ಕೋಕಂ) ಗಂಡು ಮರ, ಹೆಣ್ಣು ಮರ ಬೇರೆ ಬೇರೆ ಅಲ್ವಾ, ಬೀಜದಿಂದ ಬೆಳೆಸಿದ ಸಸಿ ಗಂಡೋ ಹೆಣ್ಣೋ ಅಂತ ಹೂ ಬಿಡುವ ತನಕ ಗೊತ್ತಾಗುವುದಿಲ್ಲ. ಅದನ್ನು ಅವರು ಹೇಳಲೇ ಇಲ್ಲ. ಹಣ್ಣು ಬೇಕಿದ್ದವರು ಹೆಣ್ಣು ಮರದ ಕಸಿ ಗಿಡ ಕೇಳಿ. ರೇಟು ಜಾಸ್ತಿ ಏನಿಲ್ಲ. ಈ ಮಳೆಗಾಲವೂ ಅಲ್ಲಿಗೇ ಹೋಗುತ್ತೇನೆ, ಆದರೆ ಒಂದೊಂದು ಕವರ್‌ನ ತಳ ಎತ್ತಿ ನೋಡಿಯೇ ತರುವುದು.