ಜೊಹೋರ್‌ನ ಅಗ್ಗದ ಪೆಟ್ರೋಲ್‌ಗಿಂತ ಮನೆ ಹತ್ತಿರದ ಬಂಕೇ ವಾಸಿ

ಸಿಂಗಪುರದಲ್ಲಿ ಕಾರಿಟ್ಟುಕೊಂಡವರ ನಡುವೆ ಈ ವಾದ ಮುಗಿಯುವುದೇ ಇಲ್ಲ. ಪೆಟ್ರೋಲ್ ಇಲ್ಲೇ ಹಾಕಿಸುವುದೋ, ಗಡಿ ದಾಟಿ ಮಲೇಷ್ಯಾದ ಜೊಹೋರ್ ಬಾರುವಿನಲ್ಲೋ? ಎರಡನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಮನೆ ಹತ್ತಿರದ ಬಂಕಿಗೆ.

ಬೆಲೆಯಲ್ಲಿ ಜೊಹೋರ್ ಗೆಲ್ಲುತ್ತದೆ, ಮಾತೇ ಇಲ್ಲ. ಇಲ್ಲಿನ ಅರ್ಧ ಬೆಲೆಗೆ ಅಲ್ಲಿ ಸಿಗುತ್ತದೆ. 2021ರಲ್ಲಿ ಸುಂಕ ಏರಿದ ಮೇಲೆ ಇಲ್ಲಿ 95ರ (ಆಕ್ಟೇನ್ ಅಂಕ, ಅಂದರೆ ಪೆಟ್ರೋಲ್‌ನ ದರ್ಜೆ) ಪೆಟ್ರೋಲ್‌ಗೆ ಲೀಟರಿಗೆ 66 ಸೆಂಟ್ ಸುಂಕ, ಅದರ ಮೇಲೆ ಶೇ. 9 ಜಿಎಸ್‌ಟಿ.

ತಾಪತ್ರಯ ಶುರುವಾಗುವುದು ಹೊರಡುವ ಮೊದಲೇ. ಇಲ್ಲಿನ ನಿಯಮದಂತೆ ಸಿಂಗಪುರದ ಕಾರು ಗಡಿ ದಾಟಬೇಕಾದರೆ ಟ್ಯಾಂಕ್ ಮುಕ್ಕಾಲು ತುಂಬಿರಬೇಕು. ಇಲ್ಲದಿದ್ದರೆ 500 ಡಾಲರ್‌ವರೆಗೆ ದಂಡ, ಜೊತೆಗೆ ಮನೆಗೆ ವಾಪಸ್. ಅಂದರೆ ಅಗ್ಗದ ಪೆಟ್ರೋಲ್ ತರಲು ಮೊದಲು ದುಬಾರಿ ಪೆಟ್ರೋಲ್ ಹಾಕಿಸಬೇಕು!

ಪೆಟ್ರೋಲ್ ಎಷ್ಟಿದೆ ಎಂದು ತೋರಿಸಲು ನನ್ನ ಕಾರಿನಲ್ಲಿ ಮುಳ್ಳಿಲ್ಲ, ಎಂಟು ಗೆರೆಗಳಿವೆ. ಆರು ಕಾಣಬೇಕು. ಶನಿವಾರ ವುಡ್‌ಲ್ಯಾಂಡ್ಸ್ ಗಡಿ ಠಾಣೆಯ ಸಾಲಿನಲ್ಲಿ ಏಸಿ ಹಾಕಿಕೊಂಡು ತೆವಳುತ್ತಿದ್ದರೆ ಒಂದು ಗೆರೆ ಯಾವಾಗ ಮಾಯವಾಗುತ್ತದೋ ಗೊತ್ತಿಲ್ಲ. ಹಾಗಾಗಿ ಏಳು ಬರುವಷ್ಟು ಹಾಕಿಸಿಯೇ ಹೊರಡುವುದು. ಆಚೆ ಹೋದ ಮೇಲೆ ಟ್ಯಾಂಕ್ ಹಿಡಿಯುವುದೇ ಎಂಟೋ ಹತ್ತೋ ಲೀಟರ್. ಉಳಿದ ದುಡ್ಡಿನಲ್ಲಿ ಮಲೇಷ್ಯಾದ 20 ರಿಂಗಿಟ್ ರಸ್ತೆ ಶುಲ್ಕ ಕಳೆಯಿರಿ, ಟೋಲ್ ಕಳೆಯಿರಿ. ಒಂದು ಊಟದ ದುಡ್ಡು ಉಳಿದರೆ ಜಾಸ್ತಿ.

ಅಲ್ಲಿನ ಸಬ್ಸಿಡಿಯ 95 ನಮಗೆ ಸಿಗುವುದೂ ಇಲ್ಲ. 2010ರಿಂದ ವಿದೇಶಿ ನಂಬರ್ ಪ್ಲೇಟಿಗೆ ಅದನ್ನು ಹಾಕುವಂತಿಲ್ಲ, 97 ಕೊಳ್ಳಬೇಕು. ಇದು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಅವರ ಖಜಾನೆಯ ದುಡ್ಡು, ಅವರ ಜನಕ್ಕೆ.

ಮುಕ್ಕಾಲು ಟ್ಯಾಂಕ್ ನಿಯಮ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಜೊಹೋರ್‌ನಲ್ಲಿ ತಲೆಕೂದಲು ಕತ್ತರಿಸಿಕೊಂಡು ಬಂದರೆ ಯಾರೂ ಕೇಳುವುದಿಲ್ಲ. ಅದೇ ದಿನ ಮರಳಿದರೂ 100 ಡಾಲರ್ ಸಾಮಾನಿಗೆ ಜಿಎಸ್‌ಟಿ ಇಲ್ಲ. ಪೆಟ್ರೋಲ್ ಯಾಕೆ ಬೇರೆ? ಕಾರು ಓಡುವುದು ಇಲ್ಲಿನ ರಸ್ತೆಯಲ್ಲಿ, ಹೊಗೆಯೂ ಇಲ್ಲೇ ಅನ್ನುವುದು ಸರಿ. ಆದರೆ ಮಲೇಷ್ಯಾದ ಒಳಗೆ ದೂರದ ಮಲಾಕ್ಕಾಗೆ ಹೊರಟವನಿಗೂ ಅದೇ ನಿಯಮ, ಅವನು ಅಲ್ಲಿನ ರಸ್ತೆಯಲ್ಲೇ ಸುಡುತ್ತಾನೆ ಅಲ್ವಾ? ನಮ್ಮ ಕಾರವಾರದವರು ಮಾಜಾಳಿ ದಾಟಿ ಗೋವಾದಲ್ಲಿ ತುಂಬಿಸಿಕೊಂಡು ಬಂದರೆ ಟ್ಯಾಂಕ್ ಯಾರೂ ನೋಡುವುದಿಲ್ಲ. ಅದು ಒಂದೇ ದೇಶ, ಬಿಡಿ.

ನನ್ನ ಓಡಾಟ ಕಡಿಮೆ, ಬಂಕಿನಲ್ಲಿ ಕಾರ್ಡ್ ರಿಯಾಯಿತಿಯೂ ಇದೆ. ದಿನಾ ಗಡಿ ದಾಟುವವರ ಲೆಕ್ಕ ಬೇರೆ. ಹೇಗೂ ಹೋಗುವವರು ಹಾಕಿಸಿಕೊಳ್ಳಲಿ. ದಿನಸಿಗೆ ಮಾತ್ರ ನಾನೂ ಜೊಹೋರ್‌ಗೇ ಹೋಗುವುದು. ಅದಕ್ಕೆ ಕಾರು ಬೇಡ, ವುಡ್‌ಲ್ಯಾಂಡ್ಸ್‌ನಿಂದ 950 ನಂಬರ್ ಬಸ್ಸು ಸಾಕು.